ಮೈಲಾರೆಪ್ಪನ ಕುತ್ತಿಗೆ, ದುರ್ಗಾಳ ಕಾಲು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೈಲಾರೆಪ್ಪ ಚೀಲದ ಬಾಯಿ ಹೊಲಿಯುತ್ತಿದ್ದ. ಗಿಡ್ಡ ಆಳು, ಕಾಲು ಬಿಲ್ಲಿನಂತೆ ಬಾಗಿದ್ದವು. ಚೀಲ ಹೊರಲಾಗದವನಿಗೆ ದಬ್ಬಣವೇ ಅನ್ನ ಕೊಟ್ಟಿತ್ತು.

ಅವನ ತಾಯಿ ಮಂಗಳವ್ವನ ಕಾಲೂ ಹಾಗೇ. ಕೂಸನ್ನು ಟೊಂಕದ ಮೇಲೆ ಕೂರಿಸಿ ಹೊತ್ತರೆ ಎಳೆಯ ಎಲುಬು ಬಾಗುತ್ತದೆ ಎಂದು ಆಕೆ ನಂಬಿದ್ದಳು. ಆ ಮನೆಯಲ್ಲಿ ಮೂರು ವರ್ಷ ತುಂಬುವವರೆಗೆ ಕೂಸನ್ನು ಹೆಗಲಿಗೇ ಒರಗಿಸಿಕೊಳ್ಳಬೇಕು, ಟೊಂಕಕ್ಕೆ ಎತ್ತುವಂತಿಲ್ಲ. ಮೈಲಾರೆಪ್ಪನ ಹೆಂಡತಿ ಸೋಮವ್ವ ಮೇಡ್ಲೇರಿಯವಳು, ಅಲ್ಲಿ ಈ ಕಟ್ಟಳೆ ಇರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವಾಗ ಮಗಳು ದುರ್ಗಾಳನ್ನು ಟೊಂಕದ ಮೇಲೆಯೇ ಹೊತ್ತು ಹೋಗುತ್ತಿದ್ದಳು. ದುರ್ಗಾ ನಡೆಯತೊಡಗಿದಾಗ ಮೊಣಕಾಲುಗಳ ನಡುವೆ ಸಂದು ಕಂಡಿತು. ಬರಬರುತ್ತ ಹೆಚ್ಚಾಯಿತು. ಅತ್ತೆ ಬೈಯುವುದನ್ನು ನಿಲ್ಲಿಸಲಿಲ್ಲ. ಮೈಲಾರೆಪ್ಪನೂ ಹೆಂಡತಿಯೊಂದಿಗೆ ನೆಟ್ಟಗೆ ಮಾತಾಡುವುದು ಬಿಟ್ಟ. ಸೋಮವ್ವ ದಿನಾ ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಎರಡು ಸಾವಿರದ ಆರನೆಯ ಇಸವಿಯಲ್ಲಿ, ಪೇಟೆ ತುಂಬಿದ್ದ ಕಾಲಕ್ಕೆ, ಮೈಲಾರೆಪ್ಪನ ಕೈಯಿಂದ ದಬ್ಬಣ ಜಾರತೊಡಗಿತು. ಕುತ್ತಿಗೆ ಹೊರಳದು, ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು. ಮೈಲಾರೆಪ್ಪ ಸಾಹೇಬ ಆಗ್ಯಾನ, ನಮ್ಮಂಥವರ ಕಡೆ ಹೊರಳಿ ನೋಡಂಗಿಲ್ಲ ಎಂದು ಜೊತೆಗಾರ ಹೇಮಪ್ಪ ನಗಾಡಿದ. ಕಡೆಗೆ ರಾಣೆಬೆನ್ನೂರಿನ ಎಲುಬಿನ ಡಾಕ್ಟರ ಹೆಸರು ಹೇಳಿ ಕಳಿಸಿದವನೂ ಅವನೇ. ಸೋಮವ್ವ ದುರ್ಗಾಳನ್ನು ಕರೆದುಕೊಂಡು ಗಂಡನ ಜೊತೆ ಹೋದಳು.

ಡಾಕ್ಟರು ಎಕ್ಸ್‌ರೇ, ರಕ್ತದ ರಿಪೋರ್ಟು ನೋಡಿ ಹೇಳಿದರು. ರಂಜಕ ಎಂಬ ಖನಿಜ ಮೂತ್ರದಲ್ಲಿ ಹರಿದುಹೋಗುತ್ತಿದೆ, ರಕ್ತದಲ್ಲಿ ತೀರ ಕಡಿಮೆ; ಅದಕ್ಕೇ ಎಲುಬು ಗಟ್ಟಿಯಾಗಲಿಲ್ಲ. ಕುತ್ತಿಗೆಯಲ್ಲಿ ಬೆನ್ನೆಲುಬನ್ನು ಹಿಡಿದಿಟ್ಟ ನಾರು ಮಾತ್ರ ಸುಣ್ಣಗಟ್ಟಿ ಎಲುಬಿನಂತಾಗಿ ಒಳಗಿನ ನರವನ್ನು ಒತ್ತುತ್ತಿದೆ, ಕೈ ಸೋತದ್ದು ಅದಕ್ಕೇ. ಆಪರೇಷನ್ ಮಾಡಿದರೆ ಅಲ್ಲಿಗೇ ನಿಲ್ಲಬಹುದು, ಹೋದದ್ದೆಲ್ಲ ತಿರುಗಿ ಬರುವ ಭರವಸೆ ಇಲ್ಲ. ಅಷ್ಟರಲ್ಲಿ ದುರ್ಗಾಳ ಕಾಲು ಅವರ ಕಣ್ಣಿಗೆ ಬಿತ್ತು. ಅವಳ ರಕ್ತವನ್ನೂ ನೋಡಿಸಿದರು. ಅದೇ ಕೊರತೆ.

“ಟೊಂಕದ ಮ್ಯಾಲೆ ಹೊತ್ತದ್ದಕ್ಕ ಆಗಿದ್ದಲ್ಲೇನ್ರಿ?” ಎಂದು ಮೈಲಾರೆಪ್ಪ ಕೇಳಿದ.

“ಅಲ್ಲ. ನಿಮ್ಮ ತಾಯಿಯಿಂದ ನಿಮಗ ಬಂದೈತಿ, ನಿಮ್ಮಿಂದ ಈಕಿಗೆ. ನಿಮ್ಮದು ತಡಾ ಆತು. ಈಕಿಗೆ ಔಷಧ ತಪ್ಪಿಸಬ್ಯಾಡ್ರಿ, ಕಾಲು ಸುಧಾರಿಸತಾವು.”

ಸೋಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೈಲಾರೆಪ್ಪ ಬಸ್ಸಿನಲ್ಲಿ ಕುಳಿತ ಮೇಲೆ ಬಾಯಿ ಬಿಟ್ಟ.

“ಎರಡು ವರ್ಷ ಸುಮ್ಮನ ನಿನ್ನ ಮ್ಯಾಲೆ ಸಿಟ್ಟು ಮಾಡಿದೆ. ತಪ್ಪಾತು.”

“ಅದನ್ನ ನಿಮ್ಮವ್ವಗ ಹೇಳ್ರಿ,” ಅಂದಳು ಸೋಮವ್ವ.

ಹೇಳಿದ. ಮಂಗಳವ್ವ ಒಪ್ಪಲಿಲ್ಲ. ನಿನ್ನ ಸೋದರತ್ತಿ ನಿನ್ನ ಕದ್ದು ಟೊಂಕದ ಮ್ಯಾಲೆ ಹೊತ್ತಿದ್ದಕ್ಕ ಹಿಂಗಾಗೀದಿ, ಡಾಕ್ಟರಗೇನ ಗೊತ್ತು ಎಂದಳು. ದುರ್ಗಾಳಿಗೆ ಔಷಧದ ನೀರನ್ನು ದಿನಕ್ಕೆ ಐದು ಸಲ ಕೊಡಬೇಕು; ಈಗ ಅವಳನ್ನು ಬಿಟ್ಟು ಸೋಮವ್ವ ಕೆಲಸಕ್ಕೆ ಹೋದರೆ ಹಗಲು ಮನೆಯಲ್ಲಿ ಇರುವವಳು ಮಂಗಳವ್ವ ಒಬ್ಬಳೇ. ಆಕೆ ಕೊಡದಿದ್ದರೆ ಹುಡುಗಿಯ ಕಾಲು ಹೋದಂತೆ. ಮೈಲಾರೆಪ್ಪ ಜಗಳಾಡಲಿಲ್ಲ. ತಾಯಿಯ ಮುಂದೆ ಬಂದು ಕುಳಿತ.

“ಯವ್ವಾ, ಅಂಗಿ ಗುಂಡಿ ಹಾಕು. ನನ್ನ ಕೈಲೆ ಆಗವಲ್ದು. ದುರ್ಗಾಗೂ ಮುಂದ ಹಿಂಗ ಆಗ್ಲೇನು?”

ಮಂಗಳವ್ವ ಒಂದೊಂದೇ ಗುಂಡಿ ಹಾಕಿದಳು. ಮರುದಿನ ಮುಂಜಾನೆ, ಒಂದು ಸಲಕ್ಕೆ ಎಷ್ಟು ಕುಡಿಸಬೇಕೆಂದು ಸೊಸೆಯನ್ನು ಕೇಳಿದಳು.

ಮೈಲಾರೆಪ್ಪನಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕೈ ಪೂರ್ತಿ ಬರಲಿಲ್ಲ. ದಲಾಲರ ಅಡತಿ ಅಂಗಡಿಯಲ್ಲಿ ಚೀಲ ಕಾಯುವ ಕೆಲಸ ಹಿಡಿದ. ದುರ್ಗಾ ಮೊದಮೊದಲು ಔಷಧ ಉಗುಳುತ್ತಿದ್ದಳು. ಅಜ್ಜಿ ಬೆಲ್ಲದ ತುಣುಕು ತೋರಿಸಿ ಕುಡಿಸಿದಳು. ಮೊಣಕಾಲಿನ ನಡುವೆ ನಾಲ್ಕು ಬೆರಳಿದ್ದ ಸಂದು ಎರಡು ವರ್ಷದ ಮೇಲೆ ಎರಡಕ್ಕೆ ಇಳಿಯಿತು.