ಗೋಡೆಯ ಬಿಳಿ ಪುಡಿ

1973ರ ಬೇಸಿಗೆಯಲ್ಲಿ, ಹನಕೆರೆಯ ನಮ್ಮ ಮನೆಯಲ್ಲಿ, ಅಜ್ಜಿ ನನ್ನ ಮೂರು ವರ್ಷದ ತಂಗಿಯ ಕೈಗೆ ಡಿಡಿಟಿ ಸವರಿದಳು.

ಸೊಳ್ಳೆ ಕಚ್ಚಿ ನವೆಯಾದರೆ ಎಲೆಯಡಿಕೆಯ ಸುಣ್ಣ ಹಚ್ಚುವುದು ಅವಳ ರೂಢಿ. ಅಂದು ಸುಣ್ಣ ಮುಗಿದಿತ್ತು. ಹಿಂದಿನ ದಿನ ಮಲೇರಿಯಾ ಇಲಾಖೆಯವರು ಸೊಳ್ಳೆ ಸಾಯಲೆಂದು ಗೋಡೆಗೆ ಹೊಡೆದಿದ್ದ ಔಷಧಿ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಅಜ್ಜಿ ಅದನ್ನೇ ಕೆರೆದು ನೀರಲ್ಲಿ ಕಲಸಿದ್ದಳು.

ತಂಗಿ ಆ ಕೈಯನ್ನು ಬಾಯಿಗೆ ಒಯ್ಯುತ್ತಿದ್ದಳು. ಅವ್ವ ಚೀರಿಕೊಂಡು ಓಡಿಬಂದು ಹಿಡಿದಳು.

"ಅದು ಇಸ ಕಣತ್ತೆ!"

"ಸೊಳ್ಳೆನೇ ಸಾಯ್ತದೆ ಅಂದ್ಮೇಲೆ ನವೆ ಓಗಾಕಿಲ್ವೇನೆ?" ಎಂದಳು ಅಜ್ಜಿ.

ಅವ್ವ ಸೋಪು ಹಚ್ಚಿ ಮೂರು ಸಲ ಆ ಕೈ ತೊಳೆದಳು. ಸಂಜೆಯವರೆಗೂ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ.

ತಂಗಿಗೆ ಈಗ ಮೊಮ್ಮಕ್ಕಳಿದ್ದಾರೆ. ಅವರಿಗೆ ಸೊಳ್ಳೆ ಕಚ್ಚಿದರೆ ಅವಳು ತುಳಸಿ ರಸ ಹಚ್ಚುತ್ತಾಳೆ.