ಸಾವಕಾರನ ಮನೆ ನೋಡಲು ಹೋದ ದಿನ

ಹೆವಿ ಲೈಸೆನ್ಸ್ ಕೈಗೆ ಬಂದ ಎಂಟನೆಯ ದಿನ, ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಸಿದ್ದಾಪುರದಿಂದ ಹೊರಟೆ. ತೊಂಬತ್ತರ ದಶಕದ ಕೊನೆ. ನನಗೆ ಇಪ್ಪತ್ನಾಲ್ಕು, ನೆಲ ಕಾಣದ ವಯಸ್ಸು. ಜೇಬಿನಲ್ಲಿ ಎರಡು ವಿಳಾಸಗಳಿದ್ದವು. ಒಂದು ಶಿರಸಿಯ ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಯದು. ಇನ್ನೊಂದು ಕಿರವತ್ತಿಯಲ್ಲಿ ಮೂರು ಲಾರಿ ಇಟ್ಟುಕೊಂಡಿದ್ದ ಬಸಣ್ಣನವರದು. ಎರಡೂ ಕಡೆ ಡ್ರೈವರ್ ಬೇಕಾಗಿತ್ತು. ಒಬ್ಬನೇ ಹೋಗಿ ಶಿರಸಿಯಲ್ಲೇ ಮುಗಿಸಿಕೊಂಡು ಬರುವುದು ನನ್ನ ಲೆಕ್ಕ. ಆದರೆ ಗೌರಕ್ಕ ನನಗಿಂತ ಮೊದಲೇ ಸೀರೆ ಉಟ್ಟು, ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದಳು.

“ಹೆಣ್ಣು ಕೊಡೂಕೆ ಮುಂಚೆ ಗಂಡಿನ ಮನೆ ನೋಡ್ತ್ರು. ತಮ್ಮನ್ನ ಕೊಡೂಕೆ ಮುಂಚೆ ಸಾವಕಾರನ ಮನೆ ನೋಡೂದು ಬ್ಯಾಡ್ವನಾ?” ಎಂದಳು.

ಇದಕ್ಕೆ ನಗುವಂತಿರಲಿಲ್ಲ. ಭಾವನೂ ಲಾರಿ ಡ್ರೈವರ್ ಆಗಿದ್ದರು. ಗುಜರಾತಿನ ದಾರಿಯಲ್ಲಿ ಲಾರಿ ಮಗುಚಿ ಯಾವುದೋ ಊರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದ್ದರಂತೆ. ಅವರ ಕಂಪನಿಯವರು ಲಾರಿ ಎತ್ತಿದರು, ಲೋಡು ಬೇರೆ ಲಾರಿಗೆ ಹಾಕಿದರು, ಮನೆಗೆ ಮಾತ್ರ ಸುದ್ದಿ ಮುಟ್ಟಿಸಲಿಲ್ಲ. ಐದನೆಯ ದಿನ ಸುದ್ದಿ ಬಂದಾಗ ಭಾವ ಬದುಕಿರಲಿಲ್ಲ. ಅಂದಿನಿಂದ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಅವಳು ಒಪ್ಪದೆ ನಾನು ಸ್ಟೇರಿಂಗ್ ಮುಟ್ಟುವಂತಿರಲಿಲ್ಲ.

ಕಾನಸೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮಂಜು ಇನ್ನೂ ಹರಿದಿರಲಿಲ್ಲ. ಶಿರಸಿಗೆ ಒಬ್ಬರಿಗೆ ಹನ್ನೊಂದು ರೂಪಾಯಿ. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಬನ್ಸ್ ತಿಂದು ಕಂಪನಿ ಆಫೀಸಿಗೆ ಹೋದೆವು. ಅಬ್ಬಬ್ಬಾ, ಗಾಜಿನ ಬಾಗಿಲು! ಹೊರಗೆ ಹೊಚ್ಚಹೊಸ ಲಾರಿ ನಿಂತಿತ್ತು. ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ, ಕ್ಯಾಬಿನ್ನಿನಲ್ಲಿ ಟೇಪ್‌ರೆಕಾರ್ಡರ್ ಬೇರೆ. ಮ್ಯಾನೇಜರು ನನ್ನ ಲೈಸೆನ್ಸ್ ತಿರುಗಿಸಿ ನೋಡಿ, “ಸೋಮವಾರದಿಂದ ಬಾ” ಎಂದೇಬಿಟ್ಟರು. ಮನಸ್ಸಿನಲ್ಲಿ ನಾನು ಆಗಲೇ ಆ ಸೀಟಿನ ಮೇಲೆ ಕೂತಾಗಿತ್ತು.

“ದಾರಿ ಮೇಲೆ ಹೆಚ್ಚುಕಮ್ಮಿ ಆದ್ರೆ ಮನೆಗೆ ಸುದ್ದಿ ಯಾರು ತತ್ರು?” ಅಕ್ಕ ಕೇಳಿದಳು.

“ಬಿಡ್ತು ಅನ್ನಿ ಅಮ್ಮಾ. ಫೋನ್ ನಂಬರ್ ಬರೆಸಿ ಹೋಗಿ.”

“ಫೋನ್ ಇಲ್ಲ.”

“ಹಂಗಾರೆ ಪೇಪರಲ್ಲಿ ಬರ್ತದೆ ಬಿಡಿ!” ಮ್ಯಾನೇಜರು ತಮಾಷೆಗೆ ಅಂದರು. ಕ್ಲಾರ್ಕೂ ನಕ್ಕ.

ಅಕ್ಕ ಅರ್ಧ ಕುಡಿದ ಚಹಾ ಮೇಜಿನ ಮೇಲಿಟ್ಟು ಎದ್ದಳು. ನನಗೆ ಎಲ್ಲಿಲ್ಲದ ಸಿಟ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ಯಲ್ಲಾಪುರದ ಬಸ್ಸಿನಲ್ಲಿ ಬೇಕೆಂದೇ ಬೇರೆ ಸೀಟಿನಲ್ಲಿ ಕೂತೆ. ಸೋಂದಾ ಕ್ರಾಸ್ ಹೋಯಿತು, ಮಂಚಿಕೇರಿ ಹೋಯಿತು, ಒಂದು ಮಾತೂ ಆಡಲಿಲ್ಲ. ಮಂಚಿಕೇರಿ ದಾಟಿದ ಮೇಲೆ ಹಿಂದಿನಿಂದ ಒಂದು ಪೇರಲೆ ಹಣ್ಣು ನನ್ನ ಮಡಿಲಿಗೆ ಬಂದು ಬಿತ್ತು. ತಿಂದೆ, ಆದರೂ ತಿರುಗಿ ನೋಡಲಿಲ್ಲ.

ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಕಿರವತ್ತಿಯಲ್ಲಿ ಇಳಿದಾಗ ಒಂದೂವರೆ. ಬಿಸಿಲು ನೆತ್ತಿ ಸುಡುತ್ತಿತ್ತು. ಆಫೀಸೂ ಇಲ್ಲ, ಬೋರ್ಡೂ ಇಲ್ಲ. ಢಾಬಾದವರು ಕೈ ಮಾಡಿದ ಹೆಂಚಿನ ಮನೆಯ ಮುಂದೆ ಬಣ್ಣ ಹೋದ ಲಾರಿಯೊಂದು ನಿಂತಿತ್ತು. ಅದರಡಿಯಿಂದ ಗ್ರೀಸ್ ಮೆತ್ತಿದ ಮನುಷ್ಯರೊಬ್ಬರು ತೆವಳಿ ಹೊರಬಂದರು. ಅವರೇ ಬಸಣ್ಣ.

“ಬರ್ರಿ, ಬರ್ರಿ. ಮೊದಲ ಊಟ, ಆಮ್ಯಾಲ ಮಾತು” ಎಂದರು.

ಒಳಗೆ ಇಬ್ಬರು ಡ್ರೈವರುಗಳು ಮನೆಯವರ ಜೊತೆಗೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ನಮಗೂ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ಬಂತು. ಅಕ್ಕ ಥೇಟ್ ಹೆಣ್ಣಿನ ಕಡೆಯವಳಂತೆ ಕೈ ತೊಳೆಯುವ ನೆಪದಲ್ಲಿ ಹಿತ್ತಲು, ಬಾವಿ, ದನದ ಕೊಟ್ಟಿಗೆ ಎಲ್ಲ ನೋಡಿಕೊಂಡು ಬಂದು ಅದೇ ಪ್ರಶ್ನೆ ಕೇಳಿದಳು.

ಬಸಣ್ಣ ನಗಲಿಲ್ಲ. ಗೋಡೆಯ ಗೂಡಿನಿಂದ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿದ ನೋಟ್‌ಬುಕ್ ತೆಗೆದರು. ಪುಟಕ್ಕೊಬ್ಬ ಡ್ರೈವರ್. ನಾನೇ ಒಂದು ಪುಟ ಓದಿ ಹೇಳಿದೆ: “ಹನುಮಂತ. ಮುಂಡಗೋಡದಾಗ ಇಳಿದು ಕೆರಿ ಏರಿ ಮ್ಯಾಲೆ ಹೋಗಬೇಕು. ಹುಣಸಿಮರದ ಎಡಕ್ಕ ಮನಿ. ಹೆಂಡ್ತಿಗೆ ಎದಿ ನೋವು. ಮೊದಲ ಅಣ್ಣಗ ಹೇಳಬೇಕು.”

“ಮನಿ ನೋಡದ ನಾ ಕೀಲಿ ಕೊಡಂಗಿಲ್ರಿ ಅಕ್ಕಾರ” ಎಂದರು ಬಸಣ್ಣ. “ನಾಳೆ ಸಿದ್ದಾಪುರಕ್ಕ ಸಿಮೆಂಟ್ ಒಯ್ಯೂದೈತಿ. ಇವತ್ತ ಹೋಗೂಣಂತ. ನಿಮ್ಮ ತಮ್ಮನ ಕೈನೂ ನೋಡಿದಂಗಾತು.”

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಯಲ್ಲಾಪುರದವರೆಗೆ ಬಸಣ್ಣ ಓಡಿಸಿದರು, ಮುಂದೆ ನಾನು. ಸ್ಟೇರಿಂಗ್ ಕಲ್ಲಿನಷ್ಟು ಬಿಗಿ, ಗೇರು ಎರಡು ಸಲ ಕೂಗಿತು. ನಡುವೆ ಕೂತ ಅಕ್ಕ ಪ್ರತಿ ತಿರುವಿಗೂ, “ಹಾರ್ನ್ ಹೊಡಿಯಾ ತಮಾ! ಕಣ್ಣು ಕಾಣ್ತದನಾ?” ಎಂದು ಪ್ರಾಣ ತಿಂದಳು. ಬಸಣ್ಣ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದರು. ಆಮೇಲೆ ಎಷ್ಟೋ ಒಳ್ಳೆಯ ಲಾರಿ ಓಡಿಸಿದ್ದೇನೆ. ಆ ಸಂಜೆಯ ಖುಷಿ ಮತ್ತೆ ಸಿಗಲಿಲ್ಲ. ಶಿರಸಿಯಲ್ಲಿ ಆ ಗಾಜಿನ ಬಾಗಿಲಿನ ಆಫೀಸು ದಾಟುವಾಗ ಒಮ್ಮೆ ಕಣ್ಣು ಆಚೆ ಹೋಯಿತು, ಸುಳ್ಳೇಕೆ ಹೇಳಲಿ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಸಣ್ಣ ನೀರು ಬೆಲ್ಲ ತೆಗೆದುಕೊಂಡು, ಮಳೆಗಾಲದಲ್ಲಿ ಹಳ್ಳ ದಾಟುವುದು ಎಲ್ಲಿಂದ ಎಂದು ಕೇಳಿ ಬರೆದುಕೊಂಡರು. ಕೊನೆಗೆ, “ಮೊದಲ ಯಾರಿಗೆ ಹೇಳಬೇಕ್ರಿ?” ಎಂದರು.

“ನಂಗೇ ಹೇಳಿ. ಸುತ್ತಿ ಬಳಸಿ ಹೇಳೂದು ಬ್ಯಾಡ” ಎಂದಳು ಅಕ್ಕ. ಅವರು ಹಾಗೇ ಬರೆದು, ಕೀಲಿಯನ್ನು ನನಗಲ್ಲ, ಅವಳ ಕೈಗೆ ಕೊಟ್ಟರು.

ಹನ್ನೊಂದು ವರ್ಷ ಅಲ್ಲಿ ದುಡಿದೆ. ನೋಟ್‌ಬುಕ್ಕಿನಲ್ಲಿ ನನ್ನ ಪುಟ ತೆರೆದದ್ದು ಒಂದೇ ಸಲ. ಅರಬೈಲು ಘಟ್ಟದಲ್ಲಿ ಮಳೆಗೆ ಲಾರಿ ಜಾರಿ ಕಾಲು ಮುರಿದಾಗ, ಅದೇ ದಿನ ಹೊತ್ತು ಮುಳುಗುವ ಮೊದಲು ಬಸಣ್ಣ ಹಳ್ಳ ದಾಟಿ ನಮ್ಮ ಅಂಗಳದಲ್ಲಿ ನಿಂತಿದ್ದರಂತೆ. “ಅಕ್ಕಾರ, ಬಲಗಾಲು ಮುರದೈತಿ. ಜೀವಕ್ಕೇನಿಲ್ಲ. ಕಣ್ಣಾರೆ ನೋಡಿ ಬಂದೀನಿ. ನಡೀರಿ, ಕರಕೊಂಡು ಹೋಗ್ತೀನಿ.” ಅಕ್ಕ ಮೆಟ್ಟಿಲ ಮೇಲೆ ಕುಸಿದು ಗೋಳೋ ಎಂದು ಅತ್ತಳಂತೆ. “ಕಾಲಷ್ಟರೀ, ಬರೇ ಕಾಲು” ಎಂದು ಬಸಣ್ಣ ಹೇಳಿ ಹೇಳಿ ಸೋತರಂತೆ.

ಕಾಲು ಕೂಡಿದ ಮೇಲೆ ನಾನು ಛೇಡಿಸಿದೆ: “ಒಂದು ಕಾಲಿಗೆ ಅಷ್ಟೆಲ್ಲ ಅತ್ತೆಯಾ, ಅಕ್ಕಾ?”

“ನಿನ್ನ ಕಾಲಿಗೆ ಯಾರು ಅತ್ತಿದ್ರಾ ತಮಾ?” ಎಂದಳು. “ನಿಮ್ಮ ಭಾವನ ಸುದ್ದಿನೂ ಹಿಂಗೇ ಒಬ್ರು ಬಂದು ಹೇಳಿದ್ರೆ, ನಾಕು ದಿನ ನಾ ಅವ್ರ ಕೈ ಹಿಡ್ಕಂಡು ಕೂತ್ಕಂತಿದ್ನಲ್ಲ ಅನ್ನಿಸ್ತು.”