ಮಿರಜದಿಂದ ತವರಿಗೆ ಬಂದ ಹೆರಿಗೆ

ಎಂಬತ್ತರ ದಶಕದಲ್ಲಿ ಹಾರೂಗೇರಿ ಮಗ್ಗುಲಿನ ನಮ್ಮ ಊರಲ್ಲಿ ದವಾಖಾನೆ ಅಂತ ಇದ್ದದ್ದು ಎರಡು ಕೋಣೆ. ಕೆಮ್ಮಿಗೂ ಹೊಟ್ಟೆನೋವಿಗೂ ಅದೇ ಗುಲಾಬಿ ಬಣ್ಣದ ಮಿಕ್ಸ್‌ಚರ್. ಅದಕ್ಕಿಂತ ದೊಡ್ಡದೇನು ಬಂದರೂ "ಮಿರಜಕ್ಕ ಒಯ್ರಿ" ಎನ್ನುತ್ತಿದ್ದರು. ಗಡಿಯಾಚೆ ಮಹಾರಾಷ್ಟ್ರದ ಆ ಊರಿನಲ್ಲಿ ಓಣಿಗೊಂದು ಆಸ್ಪತ್ರೆ, ಎಕ್ಸ್‌ರೇ, ಬ್ಲಡ್ ಬ್ಯಾಂಕ್. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಈ ಕಬ್ಬಿನ ಮನೆಗೆ ಸೊಸೆಯಾಗಿ ಬಂದ ನನಗೆ ಮಿರಜ ಹತ್ತಿರವಿದೆ ಎನ್ನುವುದೇ ಒಂದು ಕನ್ಸೋಲೇಶನ್.

ನನ್ನ ನಾದಿನಿಯನ್ನು ಮಿರಜಕ್ಕೇ ಕೊಟ್ಟಿದ್ದೆವು. ಅವಳ ಮನೆಯ ಕಟ್ಟೆಯಿಂದ ದೊಡ್ಡ ಆಸ್ಪತ್ರೆಯ ಗೇಟು ಕಾಣುತ್ತಿತ್ತು. ನಮ್ಮ ಕಡೆಯ ಬಸುರಿಯರು ಕಷ್ಟ ಬಂದರೆ ಅಲ್ಲಿಗೆ ಓಡುತ್ತಿದ್ದರು. ಅವಳು ಮಾತ್ರ ಏಳು ತಿಂಗಳಿಗೆ ಕುಬಸದ ಶಾಸ್ತ್ರ ಮುಗಿಸಿಕೊಂಡು, ಕೈತುಂಬ ಹಸಿರು ಬಳೆ ಇಟ್ಟುಕೊಂಡು, ಅಲ್ಲಿಂದ ನಮ್ಮ ಊರಿಗೆ ಬಂದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ!

"ಅತ್ತಿ, ಹೆರಿಗಿ ಅಲ್ಲೇ ಆಗ್ಲಿ, ಬಾಣಂತನ ಇಲ್ಲಿ ಮಾಡೂಣ್ರಿ" ಅಂದೆ.

"ಜನ ಏನಂದಾರು? ಬಾಣಂತಿಗಿ ತುಪ್ಪ ಹುಟ್ಟಲಿಲ್ಲೇನ ಇವರಿಗೆ ಅಂತಾರ. ನಿನ್ನ ಗಂಡನ್ನ ಹಡದದ್ದು ಇದ ಕ್ವಾಣ್ಯಾಗ. ನಿಮ್ಮ ಕಾನ್ವೆಂಟಿನ ಸಿಸ್ಟರ್‌ಗೋಳು ಎಷ್ಟ ಹಡದಾರವಾ, ನಿನಗ ಕಲಸಾಕ?"

ನಾದಿನಿಯೂ ನಕ್ಕಳು. "ಇರ್ಲಿ ಬಿಡ್ರಿ ವೈನಿ, ನನಗೂ ಅವ್ವನ ಕೈದ ಉಣ್ಣಬೇಕಾಗೇತಿ."

ನೋವು ಶುರುವಾಗಿ ಮಧ್ಯಾಹ್ನವಾದರೂ ಕೂಸು ತಿರುಗಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದು ಮಿರಜದ ಹೆಸರು ಹೇಳಿದಳು. ಕಬ್ಬಿನ ಸೀಜನ್. ಕುಡಚಿ ಹೊಳೆ ದಾಟಿದ ಮೇಲೆ ಉಗಾರದ ಫ್ಯಾಕ್ಟರಿಗೆ ಹೊರಟ ಎತ್ತಿನ ಗಾಡಿಗಳ ಸಾಲು ನಮ್ಮ ಜೀಪಿಗೆ ದಾರಿ ಕೊಡಲಿಲ್ಲ. ಅತ್ತೆ ಮಗಳ ಪಾದ ತಿಕ್ಕುತ್ತ ಕುಳಿತಿದ್ದರು. ನಾದಿನಿಯ ತಲೆ ನನ್ನ ತೊಡೆಯ ಮೇಲಿತ್ತು.

"ವೈನಿ, ಎಲ್ಲಿ ಬಂದ್ವಿ?"

"ಕಾಗವಾಡ ಬಂತ ನೋಡವಾ, ಮುಂದ ಮಿರಜನ" ಎಂದೆ. ಬಂದಿರಲಿಲ್ಲ.

ಕೊನೆಗೆ ಆಸ್ಪತ್ರೆಯ ಗೇಟಿಗೆ ಜೀಪು ತಿರುಗುವಾಗ ಅವಳು ಕುತ್ತಿಗೆ ಎತ್ತಿ ನೋಡಿದಳು. ಅವಳದೇ ಮನೆಯ ಕಟ್ಟೆ. ಅವಳ ಗಂಡನ ತಾಯಿ ಅಕ್ಕಿ ಆರಿಸುತ್ತಿದ್ದರು. ಯಾರದೋ ಜೀಪು ಎಂದು ಒಮ್ಮೆ ಕಣ್ಣೆತ್ತಿ, ಮತ್ತೆ ಮೊರಕ್ಕೆ ಬಾಗಿದರು.

ಅವಳು ಉಳಿದಳು. ಗಂಡುಕೂಸು ಅಳಲೇ ಇಲ್ಲ. ಡಾಕ್ಟರು "ಟೂ ಲೇಟ್" ಎಂದರು. ಅತ್ತೆ ನನ್ನ ಮುಖ ನೋಡಿದರು. ಆ ಎರಡು ಶಬ್ದಗಳನ್ನು ಕನ್ನಡದಲ್ಲಿ ನಾನೇ ಹೇಳಬೇಕಾಯಿತು.

ನಾಗರ ಪಂಚಮಿಗೆ ನಮ್ಮ ಯಜಮಾನರು ತಂಗಿಯನ್ನು ತವರಿಗೆ ಕರೆಯಲು ಹೋದರು. ಅವಳು ಉಂಡಿಯ ಡಬ್ಬಿ ಇಸಿದುಕೊಂಡು, ಚಹಾ ಕೊಟ್ಟು, ಒಬ್ಬರನ್ನೇ ತಿರುಗಿ ಕಳಿಸಿದಳು. ಅತ್ತೆ ಅವಳಿಗಾಗಿ ಜೋಕಾಲಿ ಕಟ್ಟಿಸಿದ್ದರು. ಹಬ್ಬ ಮುಗಿದ ಮೇಲೂ ಬಹಳ ದಿನ ಅದನ್ನು ಬಿಚ್ಚಗೊಡಲಿಲ್ಲ.